ಎರಡು ವರ್ಷಕ್ಕೊಬ್ಬರು ಬೇಕಾಗಿದ್ದಾರೆ

ಕೈಯಲ್ಲಿ ಕೆಲಸ ಇಟ್ಟುಕೊಂಡು ಕೆಲಸದ ಜಾಹೀರಾತು ಓದುವುದು ಕೆಟ್ಟ ಚಾಳಿ ಎನ್ನುತ್ತಾರೆ ನಮ್ಮ ಮನೆಯವರು. ಓದುವುದು ಬ್ಯಾಂಕಿನದ್ದೋ ಕೆ.ಪಿ.ಎಸ್.ಸಿ.ಯದ್ದೋ ಆಗಿದ್ದರೆ ಅವರಿಗೆ ಸ್ವಲ್ಪ ಆತಂಕವೂ ಆಗುತ್ತಿತ್ತೇನೋ. ನಾನು ಓದುವುದು ಸ್ವೀಡನ್ನಿನ ವಿಶ್ವವಿದ್ಯಾಲಯಗಳ ಪೋಸ್ಟ್‌ಡಾಕ್ ಹುದ್ದೆಗಳನ್ನು. ಪಿಎಚ್.ಡಿ. ಮುಗಿಸಿ, ಇನ್ನೂ ಎಲ್ಲಿಯೂ ಕಾಯಂ ಆಗದೆ, ಯಾರದೋ ಪ್ರಯೋಗಾಲಯದಲ್ಲಿ ಎರಡು ವರ್ಷ ಮಾಡುವ ಸಂಶೋಧನೆಯ ಕೆಲಸ ಅದು. ವಯಸ್ಸು, ನಿಯಮ, ಮಂಡಿನೋವು, ಯಾವ ಕಡೆಯಿಂದ ನೋಡಿದರೂ ಇನ್ನು ನನಗೆ ಸಿಗುವಂಥದ್ದಲ್ಲ. ಹಾಗಾಗಿ ಮನೆಯಲ್ಲಿ ಆತಂಕವಿಲ್ಲ, ನಗೆಯಷ್ಟೇ.

ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಇಂಟರ್ನಲ್ಸ್ ಅಂಕ ತುಂಬುವುದು, ನ್ಯಾಕ್ ಫೈಲು ಕಟ್ಟುವುದು, ಪರೀಕ್ಷೆಯ ಕೊಠಡಿಯಲ್ಲಿ ಚೀಟಿ ಹಿಡಿಯುವುದು, ಇವುಗಳ ನಡುವೆ ಪಾಠವೂ ಒಂದಿಷ್ಟು ನಡೆಯುತ್ತದೆ. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉಳಿದವರು ಊಟದ ಡಬ್ಬಿ ಮುಚ್ಚಿ ಮೊಬೈಲಿನಲ್ಲಿ ಅಡಿಕೆ ರೇಟು ನೋಡುವ ಹೊತ್ತಿಗೆ ನಾನು ಉಪ್ಸಾಲ, ಉಮಿಯೊ, ಗೋಥೆನ್‌ಬರ್ಗ್ ಎಂದು ಊರೂರು ಅಲೆಯುತ್ತಿರುತ್ತೇನೆ. ಅರ್ಜಿ ಹಾಕುವ ಕಾಲದಲ್ಲಿ ‘ಸಸ್ಯರೋಗ’ ಎಂದು ಹುಡುಕಿ ಸಿಕ್ಕಿದ್ದನ್ನಷ್ಟೇ ಓದಿಕೊಳ್ಳುತ್ತಿದ್ದೆ. ಈಗ ಆ ಹಂಗಿಲ್ಲ, ಎಲ್ಲ ವಿಷಯಗಳೂ ನನ್ನವೇ. ದಕ್ಷಿಣ ಧ್ರುವದ ಒಂದು ಘನ ಕಿಲೋಮೀಟರ್ ಮಂಜುಗಡ್ಡೆಯೊಳಗೆ ಸಾವಿರಾರು ಬೆಳಕಿನ ಗ್ರಾಹಕಗಳನ್ನು ಇಳಿಬಿಟ್ಟು, ಯಾವುದಾದರೊಂದು ನ್ಯೂಟ್ರಿನೊ ಬಂದು ಡಿಕ್ಕಿ ಹೊಡೆದು ಮಿನುಗೀತೇ ಎಂದು ಕಾಯುವ ಐಸ್‌ಕ್ಯೂಬ್ ಪ್ರಯೋಗದ ತಂಡಕ್ಕೆ ಒಬ್ಬರು ಬೇಕು. ಜೌಗು ನೆಲದಿಂದ ಮೇಲೇಳುವ ಮೀಥೇನ್ ಅಳೆಯಲು ಒಬ್ಬರು ಬೇಕು, ಅವರು ಚಳಿಗಾಲದಲ್ಲೂ ಬಯಲಲ್ಲಿ ನಿಲ್ಲಲು ತಯಾರಿರಬೇಕು. ಲಿಥಿಯಂ ಬಿಟ್ಟು ಸೋಡಿಯಂನಲ್ಲಿ ಬ್ಯಾಟರಿ ಮಾಡಲು ಒಬ್ಬರು. ಸ್ಪ್ರೂಸ್ ಮರದ ಜೀನೋಮಿನ ಬೆನ್ನು ಹತ್ತಲು ಇನ್ನೊಬ್ಬರು. ಆ ಮರದ ಜೀನೋಮನ್ನು 2013ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಸುಮಾರು 2,000 ಕೋಟಿ ಅಕ್ಷರಗಳಿವೆ ಎಂದು ಗೊತ್ತಾಯಿತು, ಮನುಷ್ಯನದ್ದಕ್ಕಿಂತ ಆರೇಳು ಪಟ್ಟು ಹೆಚ್ಚು. ವರ್ಷಕ್ಕೊಮ್ಮೆ ಕಡಿಸಿಕೊಂಡು ಬಂದು ಕ್ರಿಸ್‌ಮಸ್ಸಿಗೆ ಮನೆಯೊಳಗೆ ನಿಲ್ಲುವ ಮರಕ್ಕೆ ಅಷ್ಟೊಂದು ಬರೆದಿಟ್ಟುಕೊಳ್ಳುವಂಥದ್ದು ಏನಿದೆಯೋ.

ಒಂದೊಂದು ಜಾಹೀರಾತಿಗೂ ಐದು ನಿಮಿಷದ ಮಟ್ಟಿಗೆ ನಾನು ನೇಮಕವಾಗುತ್ತೇನೆ. ಜೌಗಿನಲ್ಲಿ ಮೊಣಕಾಲುದ್ದದ ಬೂಟು ಹಾಕಿಕೊಂಡು ನಡೆಯುತ್ತೇನೆ. ನ್ಯೂಟ್ರಿನೊ ತಂಡದ ಸಭೆಯಲ್ಲಿ ಸಮೀಕರಣ ಅರ್ಥವಾಗದಿದ್ದರೂ ಹೌದು ಹೌದೆಂದು ತಲೆಯಾಡಿಸುತ್ತೇನೆ. ಅಷ್ಟರಲ್ಲಿ ಅಟೆಂಡರ್ ಬಂದು, ‘ಮೇಡಂ, ಎರಡನೇ ಬಿ.ಎಸ್ಸಿ. ಖಾಲಿ ಕೂತಿದಾರೆ’ ಎನ್ನುತ್ತಾನೆ.

ಈ ಜಾಹೀರಾತುಗಳಿಗೆ ಒಂದು ಧಾಟಿಯಿದೆ. ಮೊದಲು ಪೀಠಿಕೆ: ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ, ಇಷ್ಟು ಸಾವಿರ ವಿದ್ಯಾರ್ಥಿಗಳು, ಜಗತ್ತನ್ನು ಉತ್ತಮಪಡಿಸುವ ಹಂಬಲ. ಆಮೇಲೆ ಕೆಲಸದ ವಿವರ. ಅದರ ಕೆಳಗೆ ಬೇಕಾದ ಅರ್ಹತೆ, ಅದರ ಕೆಳಗೆ ಇದ್ದರೆ ಒಳ್ಳೆಯದೆನ್ನುವ ಅರ್ಹತೆ. ಅಭ್ಯರ್ಥಿ ತಂಡದಲ್ಲಿ ಹೊಂದಿಕೊಂಡು ಹೋಗಬೇಕು, ಯಾರನ್ನೂ ಕೇಳದೆ ಸ್ವತಂತ್ರವಾಗಿಯೂ ಕೆಲಸ ಮಾಡಬೇಕು. ಹೊಸದನ್ನು ಹುಟ್ಟಿಸಬೇಕು, ಹೇಳಿದ ದಿನಕ್ಕೆ ಮುಗಿಸಲೂಬೇಕು. ನಮ್ಮೂರಲ್ಲಿ ಇಂಥ ಮನುಷ್ಯ ಸಿಕ್ಕರೆ ಸೊಸೈಟಿ ಅಧ್ಯಕ್ಷನನ್ನಾಗಿ ಮಾಡಿ ಕೂರಿಸುತ್ತಾರೆ, ಸ್ವೀಡನ್ನಿಗೆಲ್ಲ ಕಳಿಸುವುದಿಲ್ಲ. ಇದ್ದರೆ ಒಳ್ಳೆಯದೆನ್ನುವ ಪಟ್ಟಿ ತೀರ ಉದ್ದವಾಗಿ, ಇಂಥದ್ದೇ ಶಿಲೀಂಧ್ರ, ಇಂಥದ್ದೇ ಸೂಕ್ಷ್ಮದರ್ಶಕ, ಇಂಥದ್ದೇ ಸಾಫ್ಟ್‌ವೇರು, ಜೊತೆಗೆ ಫಿನ್ನಿಶ್ ಭಾಷೆಯ ಪರಿಚಯ ಎಂದೆಲ್ಲ ಹೋಯಿತೆಂದರೆ ಅಂಥ ಒಬ್ಬರು ಆ ಪ್ರಯೋಗಾಲಯದಲ್ಲಿ ಆಗಲೇ ಕೂತಿದ್ದಾರೆ ಎಂದು ಪಳಗಿದವರು ಮುಂದಿನದಕ್ಕೆ ಹೋಗುತ್ತಾರೆ.

ಸಂಬಳ ಎಷ್ಟೆಂದು ಬಾಯಿಬಿಡುವುದಿಲ್ಲ. ವ್ಯಕ್ತಿಯನ್ನು ನೋಡಿ ನಿಗದಿ ಎಂದಿರುತ್ತದೆ. ಆದರೆ ಕೊನೆಯಲ್ಲಿ ನೌಕರರ ಸಂಘಗಳ ಪ್ರತಿನಿಧಿಗಳನ್ನು ಎಲ್ಲಿ ಕಾಣಬಹುದೆಂದು ಸೂಚನೆ ಇರುತ್ತದೆ, ಏನಾದರೂ ಅನುಮಾನವಿದ್ದರೆ ಮೊದಲೇ ಕೇಳಿಕೊಳ್ಳಿ ಎಂದು. ಕೆಲಸಕ್ಕೆ ಸೇರುವ ಮೊದಲೇ ಯೂನಿಯನ್ನಿನವರನ್ನು ಪರಿಚಯ ಮಾಡಿಸುವ ಧಣಿಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ರಜೆ ಸಿಗುವುದು ವಯಸ್ಸಿನ ಮೇಲೆ: ಮೂವತ್ತು ತುಂಬದವರಿಗೆ ವರ್ಷಕ್ಕೆ 28 ದಿನ, ಮೂವತ್ತು ದಾಟಿದರೆ 31, ನಲವತ್ತಾದರೆ 35. ನಲವತ್ತಾದ ಪೋಸ್ಟ್‌ಡಾಕ್ ಆ ಹೆಚ್ಚಿನ ರಜೆಯಲ್ಲಿ ಏನು ಮಾಡುತ್ತಾರೆಂದು ನನಗೆ ಗೊತ್ತು. ಮುಂದಿನ ಕೆಲಸಕ್ಕೆ ಅರ್ಜಿ ಬರೆಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದ ವಾಕ್ಯ ನಡುವೆಲ್ಲೋ ಅಡಗಿರುತ್ತದೆ. ಪಿಎಚ್.ಡಿ. ಪಡೆದು ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು. ಕಾಯಿಲೆ ಬಿದ್ದಿದ್ದರೆ, ಮಗು ನೋಡಿಕೊಳ್ಳಲು ರಜೆ ಹಾಕಿದ್ದರೆ, ಯೂನಿಯನ್ನಿನ ಕೆಲಸ ಮಾಡಿದ್ದರೆ ಅಷ್ಟು ಕಾಲವನ್ನು ಲೆಕ್ಕದಿಂದ ಬಿಡುತ್ತಾರೆ. ಉದಾರವಾದ ನಿಯಮವೇ. ಅಡಿಕೆ ಸುಲಿಯುವ ಕಾಲದಲ್ಲಿ ಮನೆಯಲ್ಲಿ ಜನ ಸಾಲದೆ ನಿಂತುಹೋದವರ ಬಗ್ಗೆ ಮಾತ್ರ ಏನೂ ಹೇಳಿಲ್ಲ.

ಹಿಂದೊಮ್ಮೆ ನನಗೆ ಅಂಥದ್ದೊಂದು ಹುದ್ದೆ ಸಿಕ್ಕಿತು ಎಂದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದರು.

‘ಪಿಎಚ್.ಡಿ. ಆತಲ್ಲ ಕೂಸೇ, ಇನ್ನೂ ಎಂತ ಓದದು?’

‘ಓದೋದಲ್ಲ ದೊಡ್ಡಪ್ಪ, ಕೆಲಸ.’

‘ಕಾಯಮ್ಮಾ?’

‘ಎರಡು ವರ್ಷ.’

‘ಎರಡು ವರ್ಷ ಆದಮೇಲೆ?’

‘ಇನ್ನೊಂದು ಕಡೆ ನೋಡ್ಬೇಕು.’

ದೊಡ್ಡಪ್ಪ ಕವಳ ಉಗಿದು ಬಂದು ಸಮಾಧಾನದಿಂದ ಹೇಳಿದರು: ‘ನಮ್ಮ ಕೊನೆಗೌಡ ಇದ್ದ ಹಾಗೆ ಆತು. ಒಂದು ತೋಟದ ಅಡಿಕೆ ಕೊನೆ ಇಳಿಸಿದ, ಹಗ್ಗ ಹೆಗಲಿಗೆ ಹಾಕಿದ, ಇನ್ನೊಬ್ಬರ ತೋಟಕ್ಕೆ ಹೋದ. ಆದ್ರೆ ಅವನನ್ನು ನಾವು ಮನೆಗೆ ಹೋಗಿ ಕರೀಬೇಕು. ನೀನೇ ಎಲ್ಲರ ಮನೆಗೆ ಹೋಗಿ ಕೇಳ್ಬೇಕಾ?’

ಪೋಸ್ಟ್‌ಡಾಕ್ ವ್ಯವಸ್ಥೆಯ ಬಗ್ಗೆ ಆಮೇಲೆ ನಾನು ಓದಿದ ಗಂಭೀರ ಲೇಖನಗಳಲ್ಲಿ ಇದಕ್ಕಿಂತ ಹೆಚ್ಚಿನದು ಇರಲಿಲ್ಲ.

ದೊಡ್ಡಪ್ಪನ ನಿಜವಾದ ಸಿಟ್ಟು ಬೇರೆಯೇ ಇತ್ತು. ನನ್ನ ಪಿಎಚ್.ಡಿ. ಅಡಿಕೆಯ ಕೊಳೆರೋಗದ ಮೇಲೆ. ಆಷಾಢದ ಮಳೆಯಲ್ಲಿ ಎಳೆಗಾಯಿ ಉದುರಿ ತೋಟದ ತುಂಬ ಹಾಸಿಕೊಳ್ಳುವ ರೋಗಕ್ಕೆ ಮನೆಯ ಹುಡುಗಿಯೇ ಮದ್ದು ತರುತ್ತಾಳೆ ಎಂದು ಅವರು ನಾಲ್ಕು ಜನರೆದುರು ಹೇಳಿಕೊಂಡಿದ್ದರು. ಸ್ವೀಡನ್ನಿನಲ್ಲಿ ನನ್ನನ್ನು ಕರೆದದ್ದು ಆಲೂಗಡ್ಡೆಯ ಅಂಗಮಾರಿ ರೋಗಕ್ಕೆ. ಎರಡಕ್ಕೂ ಕಾರಣವಾದ ರೋಗಾಣುಗಳು ಒಂದೇ ಕುಲದವು, ಫೈಟಾಫ್ತೊರ. 1845ರಿಂದಾಚೆ ಐರ್ಲೆಂಡನ್ನು ಉಪವಾಸ ಕೆಡವಿದ್ದು ನಮ್ಮ ಕೊಳೆಯ ದಾಯಾದಿಯೇ ಎಂದು ಎಷ್ಟು ಹೇಳಿದರೂ, ‘ನಮ್ಮ ಮನೆ ಕೊಳೆ ಬಿಟ್ಟು ಅವರ ಮನೆ ಬಟಾಟೆ ನೋಡಕ್ಕೆ ಹೋಪದಾ’ ಎಂಬ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ದೊಡ್ಡಪ್ಪ ಕೋಲ್ಮನ್ ದೊರೆಯ ಕತೆ ತೆಗೆಯುತ್ತಿದ್ದರು. ಲೆಸ್ಲಿ ಕೋಲ್ಮನ್ ಕೆನಡಾದವರು, ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಮಳೆಯಲ್ಲಿ ತೋಟ ತೋಟ ಸುತ್ತಿ 1910ರಲ್ಲಿ ಕೊಳೆರೋಗದ ಮೇಲೆ ವರದಿ ಬರೆದರು. ಅಲ್ಲಿಯವರೆಗೆ ಗೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಬೆಳೆಗಾರರಿಗೆ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಯುವುದನ್ನು ಕಲಿಸಿದರು. ‘ಅವನು ಅಲ್ಲಿಂದ ಇಲ್ಲಿಗೆ ಬಂದ, ನೀನು ಇಲ್ಲಿಂದ ಅಲ್ಲಿಗೆ’ ಎನ್ನುವುದು ದೊಡ್ಡಪ್ಪನ ಲೆಕ್ಕ. ಅದೇ ಬೋರ್ಡೋ ಮದ್ದನ್ನು ಇವತ್ತಿಗೂ ಅವರು ಹೊಡೆಸುತ್ತಾರೆ. ನಡುವಿನ ನೂರು ವರ್ಷ ನಮ್ಮಂಥವರು ಏನು ಮಾಡುತ್ತಿದ್ದೆವೆಂದು ಕೇಳುವುದಿಲ್ಲ, ಅದು ಅವರ ದೊಡ್ಡತನ.

ನಾನು ಕೆಲಸಕ್ಕೆ ಸೇರಿದ ಉಪ್ಸಾಲ ಚಿಕ್ಕ ಊರು. ನಡುವೆ ಫೀರಿಸ್ ಎಂಬ ಹೊಳೆ. ನಮ್ಮ ಕಡೆಯವರು ಹಳ್ಳ ಎಂದಾರು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಸೂರ್ಯ ಮುಳುಗುತ್ತಾನೆ, ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಬೆಳಿಗ್ಗೆಗೊಮ್ಮೆ ಮಧ್ಯಾಹ್ನಕ್ಕೊಮ್ಮೆ ಎಲ್ಲರೂ ಕೆಲಸ ಬಿಟ್ಟು ಕಾಫಿಗೆ ಸೇರಬೇಕು, ಫೀಕಾ ಎನ್ನುತ್ತಾರೆ. ತಪ್ಪಿಸಿಕೊಂಡು ಪ್ರಯೋಗ ಮಾಡುತ್ತ ಕೂತರೆ ಶ್ರಮಜೀವಿ ಎಂದುಕೊಳ್ಳುವುದಿಲ್ಲ, ಜನ ಸೇರದವಳು ಎಂದುಕೊಳ್ಳುತ್ತಾರೆ. ನಾನಿದ್ದದ್ದು ಫ್ಲೊಗ್‌ಸ್ಟಾ ಎಂಬ ಬಡಾವಣೆಯ ಹತ್ತಿರ. ಅಲ್ಲಿನ ವಿದ್ಯಾರ್ಥಿಗಳಿಗೆ ಒಂದು ಸಂಪ್ರದಾಯವಿದೆ: ರಾತ್ರಿ ಹತ್ತು ಗಂಟೆಗೆ ಕಿಟಕಿ ತೆರೆದು, ಬಾಲ್ಕನಿಗೆ ಬಂದು, ಗಂಟಲು ಹರಿಯುವ ಹಾಗೆ ಕಿರುಚುವುದು. ಓದಿನ ಒತ್ತಡ ಇಳಿಯಲಿ ಎಂದು. ಮೊದಲ ರಾತ್ರಿ ಯಾರಿಗೋ ಏನೋ ಆಯಿತೆಂದು ಚಪ್ಪಲಿ ಮೆಟ್ಟಿ ಓಡಿದ್ದೆ. ಮುಂದೆ ಒಪ್ಪಂದ ಮುಗಿಯುವ ತಿಂಗಳುಗಳಲ್ಲಿ ಹತ್ತು ಗಂಟೆ ಆಗುವುದನ್ನೇ ಕಾದು ನಾನೂ ಕಿರುಚಿದ್ದುಂಟು. ಕನ್ನಡದಲ್ಲೇ ಕಿರುಚುತ್ತಿದ್ದೆ. ಏನೆಂದು ಇಲ್ಲಿ ಬರೆಯಲಾಗುವುದಿಲ್ಲ.

ಅಲ್ಲಿ ಫಿಲ್ ಎನ್ನುವ ಹುಳಿ ಮಜ್ಜಿಗೆಯಂಥದ್ದು ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಅದರಲ್ಲಿ ತಂಬುಳಿ ಆಗುತ್ತದೆ, ಒಂದೆಲಗ ಇಲ್ಲದಿದ್ದರೆ ಪಾಲಕ್ಕಿನಲ್ಲೂ ಆಗುತ್ತದೆ. ಆಗದಿದ್ದದ್ದು ಒಗ್ಗರಣೆ. ಕರಿಬೇವಿಲ್ಲದ ಒಗ್ಗರಣೆ ಬರೀ ಸದ್ದು. ಆ ಕೊರಗಿನಲ್ಲಿದ್ದಾಗಲೇ ಲಿನ್ನೇಯಸ್ಸನ ತೋಟ ನೋಡಲು ಹೋಗಿದ್ದು. ಗಿಡಮರಗಳಿಗೆಲ್ಲ ಎರಡು ಪದದ ಹೆಸರಿಡುವುದನ್ನು ರೂಢಿಗೆ ತಂದ ಮಹಾಶಯ ಇದೇ ಊರಿನ ಪ್ರೊಫೆಸರು. ತನ್ನ ಶಿಷ್ಯರನ್ನು ಗಿಡ ಹುಡುಕಿ ತನ್ನಿ ಎಂದು ಜಗತ್ತಿನ ಮೂಲೆಮೂಲೆಗೆ ಕಳಿಸುತ್ತಿದ್ದ. ಮೊದಲು ಹೊರಟ ಟಾರ್ನ್‌ಸ್ಟ್ರಾಮ್ 1746ರಲ್ಲಿ ಚೀನಾದ ದಾರಿಯಲ್ಲೇ ತೀರಿಕೊಂಡ. ಲಾಫ್ಲಿಂಗ್ 1756ರಲ್ಲಿ ವೆನೆಜುವೆಲಾದಲ್ಲಿ, ಫೋರ್ಸ್‌ಕಾಲ್ 1763ರಲ್ಲಿ ಯೆಮೆನ್‌ನಲ್ಲಿ. ಟಾರ್ನ್‌ಸ್ಟ್ರಾಮನ ಹೆಂಡತಿ ಬಂದು, ನನ್ನ ಮಕ್ಕಳನ್ನು ತಬ್ಬಲಿ ಮಾಡಿದೆಯಲ್ಲ ಎಂದು ಜಗಳ ತೆಗೆದಳಂತೆ. ಅಲ್ಲಿಂದ ಮುಂದೆ ಲಿನ್ನೇಯಸ್ ಮದುವೆಯಾಗದವರನ್ನು ಮಾತ್ರ ಕಳಿಸಿದ. ಮಗು ಸಾಕಿದ ತಿಂಗಳುಗಳನ್ನು ಲೆಕ್ಕದಿಂದ ಬಿಡುವ ಇವತ್ತಿನ ನಿಯಮದ ಹಿಂದೆ ಆ ಹೆಂಗಸಿನ ಜಗಳಕ್ಕೂ ಏನಾದರೂ ಪಾಲಿದೆಯೋ ಎಂದು ನನಗೆ ಆಸೆ.

ಅದೇ ಲಿನ್ನೇಯಸ್ಸನ ಇನ್ನೊಬ್ಬ ಶಿಷ್ಯ ಕೊಯೆನಿಗ್ 1768ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಡೇನಿಷ್ ಮಿಷನ್ನಿನ ವೈದ್ಯನಾಗಿ ಬಂದ. ಮಿಷನ್ನಿನ ಸಂಬಳದಲ್ಲಿ ಗಿಡ ಹುಡುಕುವ ಖರ್ಚು ಏಳಲಿಲ್ಲ. 1774ರಲ್ಲಿ ಆರ್ಕಾಟಿನ ನವಾಬನ ಹತ್ತಿರ ಸೇರಿದ, ಆಮೇಲೆ ಈಸ್ಟ್ ಇಂಡಿಯಾ ಕಂಪನಿಗೆ. 1785ರಲ್ಲಿ ಆಂಧ್ರದ ಕರಾವಳಿಯಲ್ಲಿ ತೀರಿಕೊಂಡ. ಒಂದಾದಮೇಲೊಂದು ಸಣ್ಣ ಅವಧಿಯ ಕೆಲಸ, ಊರಿಗೆ ಮರಳುವುದು ಬರೀ ಯೋಚನೆಯಲ್ಲಿ. ನನಗೆ ಗೊತ್ತಿರುವ ಅರ್ಧ ಜನರ ಬಯೋಡೇಟಾ ಇದೇ. ಲಿನ್ನೇಯಸ್ ನಮ್ಮ ಕರಿಬೇವಿಗೆ ಈ ಶಿಷ್ಯನ ಹೆಸರನ್ನೇ ಇಟ್ಟ; ಶಾಸ್ತ್ರದಲ್ಲಿ ಇವತ್ತಿಗೂ ಆ ಗಿಡದ ಹೆಸರು ಮುಗಿಯುವುದು ಕೊಯೆನಿಗಿಯೈ ಎಂದೇ. ಪಾಪ, ಅವನಿಗಾದರೂ ನಾಲ್ಕು ಎಸಳು ದಕ್ಕಿತಲ್ಲ. ಅವನ ಗುರುವಿನ ಊರಿನಲ್ಲಿ ನಾನು ಅದಕ್ಕಾಗಿ ಬಾಯಿ ಬಿಡುತ್ತಿದ್ದೆ.

ಎರಡನೆಯ ವರ್ಷ ಬೇಗ ಹೋಗುತ್ತದೆ. ಮೊದಲ ವರ್ಷ ಯಂತ್ರ ಕಲಿಯುವುದಕ್ಕೆ, ಎರಡನೆಯದು ಅರ್ಜಿ ಬರೆಯುವುದಕ್ಕೆ. ಸಂಶೋಧನೆ ಇವೆರಡರ ಸಂದಿಯಲ್ಲಿ, ಒಂದು ಬೇಸಿಗೆಯಲ್ಲಿ. ಯುರೋಪಿನ ದೊಡ್ಡ ಫೆಲೋಶಿಪ್ಪು ಮೇರಿ ಕ್ಯೂರಿಯ ಹೆಸರಿನದು. ಅದರ ನಿಯಮದಂತೆ ಹಿಂದಿನ ಮೂರು ವರ್ಷದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇದ್ದ ದೇಶದಲ್ಲೇ ಅದನ್ನು ಪಡೆಯುವಂತಿಲ್ಲ. ಫಿಲ್ಲಿನ ಪ್ಯಾಕೆಟ್ಟು ಯಾವುದು, ಹಾಲಿನದು ಯಾವುದು ಎಂದು ಗೊತ್ತಾಗುವ ಹೊತ್ತಿಗೆ ಆ ದೇಶ ಬಿಡಬೇಕು. ಸ್ವತಃ ಪೋಲೆಂಡಿನಿಂದ ಪ್ಯಾರಿಸಿಗೆ ಬಂದು ಅಲ್ಲೇ ಬೇರು ಬಿಟ್ಟ ಮೇರಿ ಕ್ಯೂರಿ ಇದಕ್ಕೆ ಏನೆನ್ನುತ್ತಿದ್ದರೋ.

ಸ್ವೀಡನ್ನಿನಲ್ಲಿ ಸರ್ಕಾರಿ ಕಾಗದಪತ್ರ ಯಾರು ಬೇಕಾದರೂ ಕೇಳಿ ನೋಡಬಹುದೆಂಬ ಕಾನೂನು 1766ರಿಂದ ಇದೆ. ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹಾಕಿದ ಅರ್ಜಿಯೂ ಸರ್ಕಾರಿ ಕಾಗದವೇ. ಬೇರೊಂದು ಊರಿನ ಹುದ್ದೆಯೊಂದು ನನ್ನ ಕೈತಪ್ಪಿದಾಗ, ಆಯ್ಕೆಯಾದವರ ಅರ್ಜಿ ತರಿಸಿಕೊಂಡು ಓದು ಎಂದು ಪಕ್ಕದ ಮೇಜಿನ ಗೆಳತಿ ಹುರಿದುಂಬಿಸಿದಳು. ತಕರಾರಿದ್ದರೆ ಮೂರು ವಾರದೊಳಗೆ ಮೇಲ್ಮನವಿಯನ್ನೂ ಹಾಕಬಹುದು. ಇಲ್ಲ ಎನ್ನುವುದರಲ್ಲೂ ಅಷ್ಟು ಮರ್ಯಾದೆ. ತರಿಸಿಕೊಂಡೆ. ಸಿಟ್ಟು ಮಾಡಿಕೊಳ್ಳಲೆಂದೇ ಚಹಾ ಮಾಡಿಕೊಂಡು ಕೂತೆ. ಆಯ್ಕೆಯಾದವಳು ಬ್ರೆಜಿಲ್ಲಿನವಳು, ಕೋಕೋ ಕಾಯಿಯ ಕೊಳೆಯ ಮೇಲೆ ಕೆಲಸ ಮಾಡಿದವಳು. ಅವಳ ಅಜ್ಜನ ತೋಟದಲ್ಲಿ ಕಪ್ಪಾದ ಕಾಯಿ ಆರಿಸಿ ರಾಶಿ ಹಾಕುವುದು ಮಕ್ಕಳ ಕೆಲಸವಾಗಿತ್ತೆಂದು ಮೊದಲ ಪ್ಯಾರಾದಲ್ಲೇ ಬರೆದಿದ್ದಳು. ನಾನು ಅದೇ ಜಾಗದಲ್ಲಿ ಜಾಗತಿಕ ಆಹಾರ ಭದ್ರತೆಯ ಬಗ್ಗೆ ಬರೆದಿದ್ದೆ. ಓದಿ ಮುಗಿಸುವಷ್ಟರಲ್ಲಿ ಮೇಲ್ಮನವಿಯ ಮಾತು ಮರೆತು, ಇವಳಿಗೆ ದೊಡ್ಡಪ್ಪನನ್ನು ಪರಿಚಯ ಮಾಡಿಸಬೇಕು ಎಂದುಕೊಳ್ಳುತ್ತಿದ್ದೆ.

ದೊಡ್ಡಪ್ಪ ಫೋನಿನಲ್ಲಿ ದನಿ ತಗ್ಗಿಸಿ ಕೇಳಿದ್ದರು, ‘ಅಲ್ಲಿ ಯಾರಿಗಾದ್ರೂ ಹೇಳಿಸ್ಬೇಕಾ?’ ನಮ್ಮ ಕ್ಷೇತ್ರದ ಶಾಸಕರಿಗೂ ಸ್ವೀಡನ್ನಿಗೂ ಸಂಬಂಧವಿಲ್ಲವೆಂದು ಅವರಿಗೂ ಗೊತ್ತು. ನಕ್ಕುಬಿಟ್ಟೆ. ಆಮೇಲೊಮ್ಮೆ ಐನ್‌ಸ್ಟೈನರ ತಂದೆಯ ಪತ್ರದ ವಿಷಯ ಓದಿದಾಗ ಆ ನಗೆ ಉಳಿಯಲಿಲ್ಲ. 1900ರಲ್ಲಿ ಜ್ಯೂರಿಕ್‌ನಲ್ಲಿ ಓದು ಮುಗಿಸಿದ ಮಗನಿಗೆ ಎಲ್ಲಿಯೂ ಸಹಾಯಕನ ಕೆಲಸ ಸಿಗಲಿಲ್ಲ. ಪ್ರೊಫೆಸರುಗಳಿಗೆ ಬರೆದ. ಲೈಡನ್ನಿನ ಕಾಮರ್ಲಿಂಗ್ ಓನೆಸ್ ಅವರಿಗೆ, ಉತ್ತರಕ್ಕೆ ಅಂಚೆವೆಚ್ಚವನ್ನೂ ತಾನೇ ತೆತ್ತ ಜೋಡಿ ಕಾರ್ಡು ಕಳಿಸಿದ. ಉತ್ತರದ ಅರ್ಧ ಖಾಲಿಯಾಗಿಯೇ ಉಳಿಯಿತು. ಆ ಕಾರ್ಡನ್ನು ಈಗ ಅದೇ ಊರಿನ ಮ್ಯೂಸಿಯಂನಲ್ಲಿ ಜೋಪಾನ ಮಾಡಿದ್ದಾರೆ. 1901ರ ಏಪ್ರಿಲ್‌ನಲ್ಲಿ ತಂದೆ ಹರ್ಮನ್, ಮಗನಿಗೆ ತಿಳಿಯದಂತೆ, ಲೈಪ್ಜಿಗ್‌ನ ಪ್ರೊಫೆಸರ್ ಓಸ್ಟ್‌ವಾಲ್ಡ್ ಅವರಿಗೆ ಪತ್ರ ಬರೆದರು. ಹುಡುಗ ಕುಗ್ಗಿಹೋಗಿದ್ದಾನೆ, ಎರಡು ಸಾಲು ಬರೆದರೂ ಸಾಕು ಎಂಬ ಅರ್ಥದಲ್ಲಿ. ಅವರು ವ್ಯಾಪಾರಸ್ಥರು, ವಿದ್ವಾಂಸರ ಮುಂದೆ ನಿಲ್ಲಲು ಸಂಕೋಚ, ಆದರೂ ಹೇಳಿಸಲು ಹೊರಟರು. ಕೆಲಸವಾಗಲಿಲ್ಲ. ತಮಾಷೆಯೆಂದರೆ, ಒಂಬತ್ತು ವರ್ಷದ ಮೇಲೆ ಐನ್‌ಸ್ಟೈನ್ ಹೆಸರನ್ನು ನೊಬೆಲ್ಲಿಗೆ ಮೊತ್ತಮೊದಲು ಸೂಚಿಸಿದವರು ಇದೇ ಓಸ್ಟ್‌ವಾಲ್ಡ್. ನಮ್ಮ ಕಾಲದಲ್ಲಿ ವೆಂಕಿ ರಾಮಕೃಷ್ಣನ್ ಯೇಲ್‌ನಲ್ಲಿ ಪೋಸ್ಟ್‌ಡಾಕ್ ಮುಗಿಸಿ ಐವತ್ತರಷ್ಟು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಎಲ್ಲಿಯೂ ಪ್ರಾಧ್ಯಾಪಕರ ಕೆಲಸ ಸಿಗದವರು; 2009ರಲ್ಲಿ ಅವರಿಗೆ ನೊಬೆಲ್ ಬಂತು. ಇಂಥ ಕತೆಗಳನ್ನು ಪೋಸ್ಟ್‌ಡಾಕ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಅರ್ಜಿ ತಿರಸ್ಕಾರವಾಗಿ ಆಮೇಲೆ ಏನೂ ಬಾರದವರ ಕತೆಯೂ ಇದ್ದೇ ಇದೆ, ಅದನ್ನು ಯಾರೂ ಮ್ಯೂಸಿಯಂನಲ್ಲಿ ಇಡುವುದಿಲ್ಲ.

ಒಪ್ಪಂದ ಮುಗಿಸಿ ಊರಿಗೆ ಬಂದೆ. ಭಾರತ ಸರ್ಕಾರದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ಪು ಆಗ ತಿಂಗಳಿಗೆ 55,000 ರೂಪಾಯಿ, ಮೇಲೆ ಮನೆ ಬಾಡಿಗೆ, ಅವಧಿ ಮತ್ತೆ ಅದೇ ಎರಡು ವರ್ಷ. ವಯಸ್ಸು 35 ದಾಟಿರಬಾರದು, ಹೆಂಗಸರಿಗೆ ಐದು ವರ್ಷ ಸಡಿಲ. ಅರ್ಜಿ ತುಂಬುತ್ತಿರುವಾಗ ಕಾಲೇಜಿನ ಕೆಲಸದ ಆದೇಶ ಬಂತು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ದೊಡ್ಡಪ್ಪ ‘ಕಾಯಮ್ಮಾ?’ ಎಂದು ಮಾತ್ರ ಕೇಳಿದರು. ಮಳೆಗಾಲದಲ್ಲಿ ಅವರ ತೋಟದ ಕೊಳೆಗಾಯಿ ತಂದು ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕದಲ್ಲಿ ತೋರಿಸುತ್ತೇನೆ. ಬಾಲವಿರುವ ಬೀಜಕಗಳು ನೀರಿನಲ್ಲಿ ಗಿರಕಿ ಹೊಡೆಯುವುದನ್ನು ನೋಡಿ ಹಿಂದಿನ ಬೆಂಚಿನವರೂ ಎದ್ದು ಬರುತ್ತಾರೆ. ಬೇಸರವೇನಿಲ್ಲ. ಆದರೆ ಜೌಗಿನ ಮೀಥೇನಿಗೆ ಒಬ್ಬರು ಬೇಕೆಂದು ಕಂಡಾಗ ಒಳಗೆ ಯಾರೋ ಒಬ್ಬಳು ಬೂಟು ಹುಡುಕುತ್ತಾಳೆ.

ಹಾಗೆ ಬೂಟು ಹುಡುಕಿ ಎದ್ದ ಒಬ್ಬಳು ಹೋದ ತಿಂಗಳು ನಿಜವಾಗಿಯೂ ಬಂದಳು, ನನ್ನ ಹಳೆಯ ವಿದ್ಯಾರ್ಥಿನಿ. ಆಗಷ್ಟೇ ಪಿಎಚ್.ಡಿ. ಮುಗಿಸಿದ್ದಾಳೆ, ಆ ಮೂರು ವರ್ಷದ ಗಡಿಯಾರ ಈಗಷ್ಟೇ ಓಡಲು ಶುರುವಾಗಿದೆ. ಕಾಡಿನ ಮರಗಳ ಬೇರುಕೊಳೆಯ ಮೇಲೆ ಕೆಲಸ, ಉಪ್ಸಾಲದ ಹತ್ತಿರವೇ. ಜಾಹೀರಾತನ್ನು ಅವಳು ನನಗೆ ತೋರಿಸಿದಾಗ, ನಾನು ಅದನ್ನು ಬಂದ ದಿನವೇ ಓದಿ ಮುಗಿಸಿದ್ದೆ ಎಂದು ಹೇಳಲಿಲ್ಲ. ಶಿಫಾರಸು ಪತ್ರ ಬರೆದುಕೊಟ್ಟೆ. ಕಡೆಯ ದಿನ ರಾತ್ರಿ 23:59ರವರೆಗೆ ಸಮಯ, ಅಲ್ಲಿಯ ಲೆಕ್ಕದಲ್ಲಿ. ಚಳಿಗಾಲವಾದ್ದರಿಂದ ನಮಗೆ ಬೆಳಗಿನ ಜಾವ ನಾಲ್ಕೂವರೆ. ಮೂರು ಗಂಟೆಗೆ ಫೋನು ಬಂತು. ಮನೆಯವರು ಮಗ್ಗುಲಾಗಿ ಹೊದಿಕೆ ಎಳೆದುಕೊಂಡರು.

‘ಮೇಡಂ, ಮಲಗಿದ್ರಾ? ಪತ್ರದ ಮೊದಲನೇ ಪ್ಯಾರಾದಲ್ಲಿ ಹವಾಮಾನ ಬದಲಾವಣೆ, ಜಾಗತಿಕ ಅರಣ್ಯ ಅಂತ ಹಾಕಿದೀನಿ. ಸರಿ ಇದೆಯಾ?’

‘ಅದನ್ನು ತೆಗಿ. ನಿಮ್ಮಪ್ಪಂದು ಕಾಳುಮೆಣಸು ಸೊರಗುರೋಗದಲ್ಲಿ ಹೋಯ್ತಲ್ಲ, ಅದನ್ನು ಬರಿ.’

‘ಅದನ್ನೆಲ್ಲ ಬರೀಬಹುದಾ ಮೇಡಂ?’

‘ಬರಿ. ಇನ್ನೇನಿದೆ?’

‘ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ ಅಂತೆ. ಕಾಡಿಗೆ ಕಾರಲ್ಲಿ ಹೋಗ್ಬೇಕಂತೆ.’

‘ಇದೆ ಅಲ್ವಾ? ಕಾಲೇಜಿಗೆ ಗಾಡೀಲಿ ಬರ್ತಿದ್ದೆ.’

‘ಅದು ಸ್ಕೂಟಿದು ಮೇಡಂ.’

‘ಕೆಲಸಕ್ಕೆ ಸೇರೋದು ಯಾವಾಗ ಅಂತ ಇದೆ?’

‘ಮಾತುಕತೆಯ ಮೇಲೆ ಅಂತ.’

‘ಹಾಗಾದ್ರೆ ಲೈಸೆನ್ಸಿಗೆ ಹಾಕಿದೀನಿ ಅಂತ ಬರಿ. ಬೆಳಗಾದ ತಕ್ಷಣ ಹೋಗಿ ಎಲ್.ಎಲ್.ಗೆ ಹಾಕು.’